ಬಾಟಲಿ ಬೇಡ ಅಂದರೆ ಒಳಲೆಯಲ್ಲಿ ಕೊಟ್ಟು ನೋಡಿ

ಇನ್ನು 2 ವಾರಕ್ಕೆ ಹಾಸನದಲ್ಲಿ ಕೆಲಸಕ್ಕೆ ಹೋಗಬೇಕು, 5 ತಿಂಗಳ ಮಗ ಫಾರ್ಮುಲಾ (ಡಬ್ಬಿಯ ಪುಡಿ ಹಾಲು) ಬಾಯಿಗಿಟ್ಟರೆ ಉಗಿಯುತ್ತಾನೆ ಅಂದಿರಲ್ಲ, ನಿಮ್ಮ ಸಂಕಟ ನನಗೆ ಗೊತ್ತು. ಇಲ್ಲಿ ಚಿಕ್ಕಮಗಳೂರಿನಲ್ಲಿ ನನ್ನ ಮಗಳೂ ಹೀಗೇ ಮಾಡಿದ್ದಳು. ನಾನು ಎತ್ತಿಕೊಂಡರೆ ಸಾಕು, ಬಾಟಲಿ ತಳ್ಳಿ ಸೆರಗಿಗೆ ಮುಖ ಒತ್ತುತ್ತಿದ್ದಳು. ಅಮ್ಮನ ಹಾಲಿನ ವಾಸನೆ ಪಕ್ಕದಲ್ಲೇ ಇರುವಾಗ ಬೇರೆ ಹಾಲು ಯಾಕೆ ಬೇಕು, ಅಲ್ವಾ? ಕೊನೆಗೆ ನಾನು ಹಿತ್ತಿಲಿಗೆ ಹೋದೆ, ಅತ್ತೆ ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಲ್ಲಿ, ಕುಡಿಸಿದರು. ಮೊದಲ ದಿನ ಎರಡೇ ಗುಟುಕು. ವಾರದಲ್ಲಿ ಒಳಲೆ ಖಾಲಿ ಮಾಡುತ್ತಿದ್ದಳು.

ನೀವೂ ಮೊದಲು ಹಿಂಡಿದ ಎದೆಹಾಲನ್ನೇ ಒಳಲೆಯಲ್ಲೋ ಪುಟ್ಟ ಲೋಟದಲ್ಲೋ ಬೇರೆಯವರ ಕೈಯಿಂದ ಕೊಡಿಸಿ. ಹಸಿದು ಅಳುವ ಮುಂಚೆಯೇ, ತಲೆ ಎತ್ತರಕ್ಕಿಟ್ಟು. ಅದು ರೂಢಿಯಾದ ಮೇಲೆ ಫಾರ್ಮುಲಾ. ಹಿಂಡಿಟ್ಟ ಹಾಲೇ ಸಾಕಾದರೆ ಫಾರ್ಮುಲಾ ಬೇಡವೇ ಬೇಡ. ಹಿಂಡಿದ ಎದೆಹಾಲನ್ನು ಹೊರಗೆ ತಂಪಿನಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಇಡಬಹುದು. ಫಾರ್ಮುಲಾ ಪುಡಿ ಕಲಸುವಾಗ ಡಬ್ಬಿಯಲ್ಲಿರುವ ಅಳತೆಯೇ ಇರಲಿ, ನೀರು ಜಾಸ್ತಿ ಮಾಡಬೇಡಿ. ಕುಡಿದು ಮಿಕ್ಕಿದ್ದನ್ನು ಚೆಲ್ಲಿಬಿಡಿ. ಬಲವಂತವಾಗಿ ಮಾತ್ರ ಸುರಿಯಬೇಡಿ, ನೆತ್ತಿಗೆ ಹತ್ತುತ್ತದೆ. ದಿನಕ್ಕೆ 6 ಸಲಕ್ಕಿಂತ ಕಡಿಮೆ ಉಚ್ಚೆ ಮಾಡಿದರೆ, ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.