ಜೋಡಿಯ ಎರಡನೆಯ ಹೆಸರು

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಇತ್ತ ಎಲ್ಲರೂ ಕ್ಷೇಮ. ಕಳೆದ ಸಂಚಿಕೆಯ ಕ್ರೀಡಾ ಪುಟಗಳೆಲ್ಲ ಕ್ರಿಕೆಟ್ಟಿಗೇ ಮೀಸಲಾಗಿದ್ದವು. ನಮ್ಮ ಕಾಲದಲ್ಲಿ ಮಂಡ್ಯದ ಹೋಟೆಲುಗಳಲ್ಲಿ ಒಬ್ಬರು ಪತ್ರಿಕೆ ಹಿಡಿದು ಗಟ್ಟಿಯಾಗಿ ಓದಿದರೆ ಸುತ್ತಲಿನವರೆಲ್ಲ ಕಿವಿಗೊಡುತ್ತಿದ್ದರು. ಮೊಹಮ್ಮದ್ ಅಲಿ, ಜೋ ಫ್ರೇಜಿಯರ್, ಜಾರ್ಜ್ ಫೋರ್‌ಮನ್ ಎಂಬ ಬಾಕ್ಸರ್‌ಗಳ ಹೆಸರುಗಳನ್ನು ನಾನು ಕಲಿತದ್ದು ಹಾಗೆ. ನನ್ನ ಮೊಮ್ಮಗನಿಗೆ ಅಲಿಯ ಹೆಸರೊಂದು ಗೊತ್ತು, ಅದೂ ಅಂಗಿಯ ಮೇಲಿನ ಚಿತ್ರದಿಂದ. ಗರಡಿ ಮನೆಗೆ ಬೀಗ ಬಿತ್ತು, ಜಗಲಿಗೆ ಗ್ರಿಲ್ ಬಂತು, ಬಂದವರಿಗೆ ಬೆಲ್ಲ ನೀರು ಕೊಡುವುದು ನಿಂತಿತು. ಕಾಗದ ಬರೆಯುವವನು ನಮ್ಮ ಬೀದಿಯಲ್ಲಿ ನಾನೊಬ್ಬನೇ ಇರಬೇಕು. ಹದಿನೈದು ಸುತ್ತು ಹೊಡೆದಾಡುತ್ತಿದ್ದ ಗಂಡಸರ ಕಾಲ ಅದು; ಈಗ ಹನ್ನೆರಡಕ್ಕೇ ಮುಗಿಸುತ್ತಾರೆ. ಹಳೆಯ ಬಾಕ್ಸರ್‌ಗಳ ಬಗ್ಗೆ ನೀವು ಒಂದು ಅಂಕಣ ಏಕೆ ಆರಂಭಿಸಬಾರದು?

— ನಿವೃತ್ತ ಶಿಕ್ಷಕರು, ಮಂಡ್ಯ

ಸಂಪಾದಕರ ಉತ್ತರ

ಮಾನ್ಯರೇ, ನಮಸ್ಕಾರ.

ಅಂಕಣ ಆರಂಭಿಸುತ್ತೇವೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಒಂದೆರಡು ಕಡೆ ನಿಮ್ಮೊಡನೆ ಜಗಳವಾಡಬೇಕಿದೆ. ಜಗಳ ಓದಿ ನೀವು ನಿರಾಶರಾಗಬಾರದು. ನಿಮ್ಮ ಪತ್ರ ಬಂದ ದಿನ ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ಓದಿ ಮುಗಿಸಿದಾಗ ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರು ಕೇಳಿದ ಪ್ರಶ್ನೆಯೇ ಈ ಉತ್ತರ ಇಷ್ಟು ಉದ್ದವಾಗಲು ಕಾರಣ. "ಫ್ರೇಜಿಯರ್ ಯಾರು?" ಎಂದು ಅವರು ಕೇಳಿದರು.

ಜೋ ಫ್ರೇಜಿಯರ್ 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊಹಮ್ಮದ್ ಅಲಿಯನ್ನು ಸೋಲಿಸಿದವರು. ಅಲ್ಲಿಯವರೆಗೆ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಇಬ್ಬರೂ ಸೋಲು ಕಂಡಿರಲಿಲ್ಲ. ವಿಯೆಟ್ನಾಂ ಯುದ್ಧಕ್ಕಾಗಿ ಸೈನ್ಯ ಸೇರಲು ನಿರಾಕರಿಸಿದ್ದಕ್ಕೆ 1967ರಲ್ಲಿ ಅಲಿಯ ಪಟ್ಟವನ್ನೂ ಪರವಾನಗಿಯನ್ನೂ ಕಿತ್ತುಕೊಂಡಿದ್ದರು. ಆ ಕಷ್ಟದ ವರ್ಷಗಳಲ್ಲಿ ಅಲಿಗೆ ಹಣ ಕೊಟ್ಟು, ಪರವಾನಗಿ ಮರಳಿ ಕೊಡಿ ಎಂದು ಅವರ ಪರವಾಗಿ ಮಾತನಾಡಿದವರಲ್ಲಿ ಫ್ರೇಜಿಯರ್ ಕೂಡ ಒಬ್ಬರು. ಆ ಪಂದ್ಯದ ಹದಿನೈದನೆಯ ಸುತ್ತಿನಲ್ಲಿ ಫ್ರೇಜಿಯರ್ ಬೀಸಿದ ಎಡಗೈ ಹುಕ್ಕಿಗೆ (ಪಕ್ಕದಿಂದ ಬಳಸಿ ಬರುವ ಗುದ್ದಿಗೆ) ಅಲಿ ಬೆನ್ನು ನೆಲಕ್ಕೆ ತಾಗುವಂತೆ ಬಿದ್ದರು. ಬಿದ್ದವರು ಎದ್ದು ನಿಂತು ಸುತ್ತು ಮುಗಿಸಿದರು ಎನ್ನುವುದೂ ಅಷ್ಟೇ ದೊಡ್ಡ ಸಂಗತಿ.

ನಾಲ್ಕು ವರ್ಷಗಳ ನಂತರ, 1975ರ ಅಕ್ಟೋಬರ್ 1ರಂದು, ಮನಿಲಾದ ಪಕ್ಕದ ಕ್ಯೂಜಾನ್ ನಗರದಲ್ಲಿ ಇಬ್ಬರೂ ಮೂರನೆಯ ಬಾರಿ ಎದುರಾದರು. ಅಮೆರಿಕದ ಟಿವಿಗೆ ಅನುಕೂಲವಾಗಲೆಂದು ಪಂದ್ಯವನ್ನು ಅಲ್ಲಿನ ಬೆಳಗಿನ ಹೊತ್ತಿಗೆ ಇಟ್ಟಿದ್ದರು; ಸಭಾಂಗಣ ಕಾದ ಒಲೆಯಂತಿತ್ತು. ಹದಿನಾಲ್ಕು ಸುತ್ತುಗಳಾಗುವ ಹೊತ್ತಿಗೆ ಫ್ರೇಜಿಯರ್ ಕಣ್ಣುಗಳು ಊದಿಕೊಂಡು, ಬರುವ ಹೊಡೆತವೇ ಕಾಣದಂತಾಗಿತ್ತು. ಕೊನೆಯ ಸುತ್ತಿಗೆ ಏಳಲು ಹೊರಟವರನ್ನು ತರಬೇತುದಾರ ಎಡ್ಡಿ ಫಚ್ ತಡೆದರು. "ಕುಳಿತುಕೋ ಮಗನೇ, ಎಲ್ಲ ಮುಗಿಯಿತು. ಇವತ್ತು ನೀನು ಇಲ್ಲಿ ಮಾಡಿದ್ದನ್ನು ಯಾರೂ ಮರೆಯುವುದಿಲ್ಲ" ಎಂದರು. ಆ ಮಾತು ನಮ್ಮ ಕಚೇರಿಯ ಮಟ್ಟಿಗೆ ಸುಳ್ಳಾಯಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಮೊಮ್ಮಗನಿಗೆ ಅಲಿಯ ಹೆಸರೊಂದೇ ಗೊತ್ತು ಎಂದು ಬರೆದಿದ್ದೀರಿ. ನಾನು ಹೇಳಬೇಕಾದದ್ದು ಇಲ್ಲಿಯೇ ಇದೆ. ಹಳೆಯ ಬಾಕ್ಸರ್‌ಗಳನ್ನು ಜನ ಪೂರ್ತಿಯಾಗಿ ಮರೆತಿಲ್ಲ, ಅರ್ಧ ಮರೆತಿದ್ದಾರೆ. ಗೆದ್ದವನ ಚಿತ್ರ ಅಂಗಿಗೆ ಬಂತು, ಗೋಡೆಗೆ ಬಂತು, ಮೊಬೈಲಿಗೂ ಬಂತು. ಅವನನ್ನು ಗೆಲ್ಲುವಷ್ಟು ಗಟ್ಟಿ ಮಾಡಿದ ಎದುರಾಳಿ ಎಲ್ಲಿಯೂ ಇಲ್ಲ. ಫ್ರೇಜಿಯರ್ ಇಲ್ಲದ ಅಲಿಯನ್ನು ನೆನೆಯುವುದು ಹೇಗೆಂದು ನನಗಂತೂ ತಿಳಿಯದು.

ನಮ್ಮ ಕಡೆ ಕುಸ್ತಿಯ ಮಾತು ಬಂದರೆ ಜನ ಹೀಗೆ ಅರ್ಧ ನೆನೆಯುತ್ತಿರಲಿಲ್ಲ. ಮೈಸೂರಿನ ಗರಡಿಗಳ ಆಸುಪಾಸಿನಲ್ಲಿ ಬೆಳೆದವನು ನಾನು. ಹಿರಿಯರು ಹಳೆಯ ಕುಸ್ತಿ ನೆನೆಸಿಕೊಂಡರೆ ಮೊದಲು ಬರುತ್ತಿದ್ದ ಮಾತು "ಇಂಥವರಿಗೂ ಇಂಥವರಿಗೂ ಜೋಡಿ" ಎಂಬುದು. ಯಾರು ಯಾರನ್ನು ಚಿತ್ ಮಾಡಿದರು ಎನ್ನುವುದು ಆಮೇಲಿನ ಮಾತು. ಎಷ್ಟೋ ಸಲ ಅದು ಬರುವ ಮೊದಲೇ ಪಟ್ಟುಗಳ ವರ್ಣನೆಯಲ್ಲಿ ಹೊತ್ತು ಮುಳುಗುತ್ತಿತ್ತು. ಕುಸ್ತಿಯ ಭಿತ್ತಿಪತ್ರದಲ್ಲಿ ಇಬ್ಬರು ಪೈಲ್ವಾನರ ಚಿತ್ರವೂ ಅಕ್ಕಪಕ್ಕ ಇರುತ್ತದೆ, ಊರಿನ ಹೆಸರು ಇರುತ್ತದೆ, ವಸ್ತಾದರ (ಗರಡಿಯ ಗುರುಗಳ) ಹೆಸರು ಇರುತ್ತದೆ. ದಸರಾ ಕುಸ್ತಿಗೆ ಮುಂಚೆ ಎಲ್ಲರ ಎದುರಿಗೆ ಜೋಡಿ ಕಟ್ಟುವ ಕ್ರಮ ಇಂದಿಗೂ ಉಳಿದಿದೆ. ಕಟ್ಟುವವರು ಮೈತೂಕ, ಪಳಗಿದ ಕೈ, ವಯಸ್ಸು ಎಲ್ಲವನ್ನೂ ನೋಡುತ್ತಾರೆ. ಸರಿಸಾಟಿ ಇಲ್ಲದ ಜೋಡಿಯನ್ನು ಜನ ಒಪ್ಪುವುದಿಲ್ಲ.

ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಕಣಕ್ಕೆ, ಇಳಿಯುವಾಗಿನ ನಡವಳಿಕೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಚಪ್ಪಲಿ ಹೊರಗೆ. ಆಂಜನೇಯನಿಗೆ ಕೈಮುಗಿದು, ಮಣ್ಣನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ. ಆಮೇಲೆ ಹಿಡಿ ಮಣ್ಣು ತೆಗೆದು ಎದುರಾಳಿಯ ಹೆಗಲಿಗೆ, ತೋಳಿಗೆ ತಾನೇ ಹಚ್ಚುವುದು. ಬೆವರಿಗೆ ಹಿಡಿತ ಜಾರದಿರಲೆಂದು ಹಾಗೆ ಮಾಡುತ್ತಾರೆ, ಉಪಯೋಗದ ಕೆಲಸವೇ. ಆದರೆ ಇನ್ನೊಂದು ಕ್ಷಣದಲ್ಲಿ ಯಾರನ್ನು ಎತ್ತಿ ಕೆಡವಬೇಕೋ ಅವನ ಮೈಗೆ ಕೈಯಾರೆ ಮಣ್ಣು ಸವರಿದವನು ಅವನ ಹೆಸರನ್ನು ಹೇಗೆ ಮರೆಯುತ್ತಾನೆ?

ವಿಜಯದಶಮಿಯಂದು ಅರಮನೆಯ ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ನಮ್ಮ ನೆಲದ ಮುಷ್ಟಿಯುದ್ಧವೇ ಅಲ್ಲವೇ? ಎರಡು ಜೋಡಿ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನೆಯುಳ್ಳ ವಜ್ರಮುಷ್ಟಿ ತೊಟ್ಟು ನಿಲ್ಲುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ನಿಲ್ಲಬೇಕು. ಬಹುತೇಕ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿ ಮನೆತನಗಳವರು ಇದನ್ನು ಕೈಬಿಡದೆ ನಡೆಸಿಕೊಂಡು ಬಂದಿದ್ದಾರೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಹೊಡೆದಾಡುವ ಜಟ್ಟಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅಲ್ಲಿಂದ ಮೊದಲ ಹನಿ ರಕ್ತಕ್ಕೆ ನಿಲ್ಲಿಸುವ ಕ್ರಮದವರೆಗೆ ಬಂದದ್ದನ್ನು ನಾನು ಬೆಳವಣಿಗೆ ಎಂದೇ ಕರೆಯುತ್ತೇನೆ.

ಇದೇ ಕಾರಣಕ್ಕೆ ನಿಮ್ಮ ಹದಿನೈದು ಸುತ್ತುಗಳ ಮಾತನ್ನು ಒಪ್ಪಲಾರೆ. ಸುತ್ತು ಕಡಿಮೆಯಾದದ್ದು ಗಂಡಸುತನ ಕಡಿಮೆಯಾಗಿ ಅಲ್ಲ. 1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಎಂಬ ಯುವಕ ರೇ ಮಾನ್ಸಿನಿಯ ಎದುರು ಹದಿನಾಲ್ಕನೆಯ ಸುತ್ತಿನಲ್ಲಿ ಕುಸಿದ. ಮಿದುಳಿನಲ್ಲಿ ರಕ್ತಸ್ರಾವವಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡ. ಮುಂದಿನ ವರ್ಷ ಅವನ ತಾಯಿ ತಮ್ಮ ಪ್ರಾಣ ತಾವೇ ಕಳೆದುಕೊಂಡರು, ಪಂದ್ಯದ ರೆಫರಿಯೂ ಹಾಗೆಯೇ ಹೋದರು. ಅವನು ಸತ್ತಾಗ ಮದುವೆಯಾಗಬೇಕಿದ್ದ ಹುಡುಗಿ ಬಸುರಿ. ಮಗ ತಂದೆಯ ಮುಖ ನೋಡಲಿಲ್ಲ. ಹದಿನೈದನ್ನು ಹನ್ನೆರಡಕ್ಕೆ ಇಳಿಸುವ ತೀರ್ಮಾನ ಈ ಸಾವಿನಿಂದ ಬಂತು. ಗೆದ್ದ ಮಾನ್ಸಿನಿಯೂ ಮೊದಲಿನಂತೆ ಆಗಲಿಲ್ಲ. ಈ ಪದ್ಧತಿ ಹೋದದ್ದಕ್ಕೆ ಕಣ್ಣೀರು ಬೇಡ, ಮೇಷ್ಟ್ರೇ.

ಗರಡಿಯ ವಿಷಯದಲ್ಲೂ ಇಷ್ಟು ಹೇಳಲೇಬೇಕು. ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗೆ ಹೊಸ್ತಿಲಿನವರೆಗೂ ಪ್ರವೇಶವಿರಲಿಲ್ಲ. ಜಾತಿಯ ಲೆಕ್ಕಾಚಾರವೂ ಹಲವೆಡೆ ಇತ್ತು. ಇಂದು ದಸರಾದಲ್ಲಿ ಹುಡುಗಿಯರು ಕುಸ್ತಿ ಆಡಿ 'ದಸರಾ ಕಿಶೋರಿ' ಬಿರುದು ಪಡೆಯುತ್ತಾರೆ. ಮಣಿಪುರದ ಮೇರಿ ಕೋಮ್ ಆರು ಬಾರಿ ವಿಶ್ವ ಚಾಂಪಿಯನ್ ಆಗಿ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಆ ಬಾಗಿಲು ಹಾಗೆಯೇ ಮುಚ್ಚಿದ್ದರೆ ಈ ಹೆಸರುಗಳು ನಮಗೆ ದಕ್ಕುತ್ತಿದ್ದವೇ? ಹಳೆಯ ಕಾಲ ಸೋತವನನ್ನು ಯಾವಾಗಲೂ ನೆನೆಯುತ್ತಿತ್ತು ಎಂದೂ ನಾನು ಹೇಳುವುದಿಲ್ಲ. ರಣಧೀರ ಕಂಠೀರವ ನರಸರಾಜ ಒಡೆಯರು ತಿರುಚಿನಾಪಳ್ಳಿಗೆ ವೇಷ ಮರೆಸಿಕೊಂಡು ಹೋಗಿ, ಹೆಬ್ಬಾಗಿಲಿಗೆ ತನ್ನ ಚಲ್ಲಣ (ಕುಸ್ತಿಯ ಚಡ್ಡಿ) ಕಟ್ಟಿ ಮೆರೆಯುತ್ತಿದ್ದ ಜಟ್ಟಿಯನ್ನು ಕೊಂದ ಕಥೆಯನ್ನು ಮೈಸೂರಿನ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ನಾನು ಕೇಳಿದ ಕಥೆಯಲ್ಲಿ ಆ ಜಟ್ಟಿಗೆ ಹೆಸರಿರಲಿಲ್ಲ.

ಜೋಡಿಯಾಗಿ ನೆನೆಯಬೇಕಾದ ಇನ್ನಿಬ್ಬರನ್ನು ನಿಮ್ಮ ಪಟ್ಟಿಗೆ ಸೇರಿಸುತ್ತೇನೆ. ಅಮೆರಿಕದ ಜೋ ಲೂಯಿಸ್, ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್. 1936ರಲ್ಲಿ ಷ್ಮೆಲಿಂಗ್ ಹನ್ನೆರಡನೆಯ ಸುತ್ತಿನಲ್ಲಿ ಲೂಯಿಸ್‌ರನ್ನು ಕೆಡವಿದಾಗ ಹಿಟ್ಲರನ ಕಡೆಯವರು ಅದನ್ನು ತಮ್ಮ ಜನಾಂಗದ ಗೆಲುವೆಂದು ಸಾರಿದರು. 1938ರ ಜೂನ್ 22ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಲೂಯಿಸ್ 124 ಸೆಕೆಂಡುಗಳಲ್ಲಿ ಲೆಕ್ಕ ತೀರಿಸಿದರು. ಕಥೆ ಅಲ್ಲಿಗೆ ಮುಗಿದಿದ್ದರೆ ಷ್ಮೆಲಿಂಗ್ ಕೇವಲ ಹಿಟ್ಲರನ ಕಡೆಯ ಸೋತ ಮನುಷ್ಯನಾಗಿ ಉಳಿಯುತ್ತಿದ್ದರು. ಆದರೆ ಯಹೂದಿಯಾಗಿದ್ದ ತಮ್ಮ ಮ್ಯಾನೇಜರನ್ನು ಕೈಬಿಡಲು ಅವರು ಒಪ್ಪಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಯಹೂದಿಗಳ ಮೇಲೆ ದಾಳಿ ನಡೆದಾಗ ಇಬ್ಬರು ಯಹೂದಿ ಹುಡುಗರನ್ನು ಬರ್ಲಿನ್ನಿನ ತಮ್ಮ ಹೋಟೆಲು ಕೋಣೆಯಲ್ಲಿ ಬಚ್ಚಿಟ್ಟು ಕಾಪಾಡಿದರು. ಯುದ್ಧ ಮುಗಿದ ಮೇಲೆ ಲೂಯಿಸ್‌ರನ್ನು ಹುಡುಕಿಕೊಂಡು ಹೋಗಿ ಗೆಳೆಯರಾದರು. ಲೂಯಿಸ್ ಸಾಲದಲ್ಲಿ ಮುಳುಗಿದ್ದಾಗ ನೆರವಾದರು. 1981ರಲ್ಲಿ ಲೂಯಿಸ್ ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚಿನಲ್ಲಿ ಪಾಲು ಕೊಟ್ಟರು. ನನ್ನ ಮಟ್ಟಿಗೆ ಬಾಕ್ಸಿಂಗ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಜೋಡಿ ಇಲ್ಲ.

ಅಲಿ ಮತ್ತು ಫ್ರೇಜಿಯರ್ ನಡುವೆ ಇಂಥ ಗೆಳೆತನ ಬೆಳೆಯಲಿಲ್ಲ. ಅಲಿ ಫ್ರೇಜಿಯರ್‌ರನ್ನು ಗೊರಿಲ್ಲಾ ಎಂದು ಜಗತ್ತಿನ ಮುಂದೆ ಹಂಗಿಸಿದ್ದರು. ಕಷ್ಟದಲ್ಲಿ ಕೈಹಿಡಿದವನಿಗೆ ಆಡಬಾರದ ಮಾತು ಅದು. ಅಲಿಯ ಮೇಲೆ ನನಗಿರುವ ಗೌರವ ಈ ಒಂದು ವಿಷಯವನ್ನು ಮುಚ್ಚಿಹಾಕುವುದಿಲ್ಲ. 2001ರಲ್ಲಿ ಅಲಿ ಪತ್ರಿಕೆಯ ಮೂಲಕ ಕ್ಷಮೆ ಕೇಳಿದರು. ಫ್ರೇಜಿಯರ್ ಮನಸ್ಸಿನ ಗಾಯ ಬಹುಕಾಲ ಹಸಿಯಾಗಿಯೇ ಇತ್ತು. 2011ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ, ಪಾರ್ಕಿನ್ಸನ್ ಕಾಯಿಲೆಯಿಂದ ಜರ್ಜರಿತರಾಗಿದ್ದ ಅಲಿ ಅಂತ್ಯಕ್ರಿಯೆಗೆ ಬಂದಿದ್ದರು.

ನಮ್ಮ ದೇಶದವರನ್ನೂ ಮರೆಯುವಂತಿಲ್ಲ. 1966 ಮತ್ತು 1970ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಹೆವಿವೇಯ್ಟ್ ಚಿನ್ನ ಗೆದ್ದ ಹರಿಯಾಣದ ಹವಾ ಸಿಂಗ್ ಎಷ್ಟು ಜನರಿಗೆ ಗೊತ್ತು? 1980ರಲ್ಲಿ ಅಲಿ ಭಾರತಕ್ಕೆ ಬಂದಾಗ ದೆಹಲಿಯಲ್ಲಿ ಅವರೆದುರು ಪ್ರದರ್ಶನ ಪಂದ್ಯ ಆಡಿದ ಪಂಜಾಬಿನ ಸೈನಿಕ ಕೌರ್ ಸಿಂಗ್? ಅವರು 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು, ಪದ್ಮಶ್ರೀ ಪಡೆದರು. ಕೊನೆಗಾಲದಲ್ಲಿ ಆಸ್ಪತ್ರೆಯ ಖರ್ಚಿಗೆ ಪರದಾಡಿ, 2023ರಲ್ಲಿ ಕಣ್ಣು ಮುಚ್ಚಿದರು. ಅಂಕಣದ ಮೊದಲ ಕಂತು ಅವರ ಬಗ್ಗೆಯೇ ಇರುತ್ತದೆ. ಅಲಿಯ ಎದುರು ನಿಂತ ಭಾರತೀಯನನ್ನು ಹಿಂದೆ ಬಿಟ್ಟು ಅಮೆರಿಕದವರಿಂದ ಶುರುಮಾಡಲು ನನಗೆ ಮನಸ್ಸಿಲ್ಲ.

ಇನ್ನು ಬೆಲ್ಲ ನೀರು, ಜಗಲಿ, ಕಾಗದ. ಹೋದದ್ದೆಲ್ಲ ನಷ್ಟವಲ್ಲ. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಅದು ಸಾವಿನ ಸುದ್ದಿಯನ್ನೇ ಹೆಚ್ಚು ತರುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಯಾರಿಗೂ ದುಃಖವಾಗಲಿಲ್ಲ. ಆದರೆ ಗಟ್ಟಿಯಾಗಿ ಪತ್ರಿಕೆ ಓದುವ ಅಭ್ಯಾಸ ಹೋದದ್ದು ನಿಜವಾದ ನಷ್ಟ, ಅದರಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಒಬ್ಬನೇ ಕುಳಿತು ಓದುವವನು ತಲೆಬರಹ ನೋಡಿ, ಗೆದ್ದವನ ಹೆಸರು ಹಿಡಿದು ಮುಂದೆ ಹೋಗಬಹುದು. ಹತ್ತು ಜನರಿಗೆ ಓದುವವನಿಗೆ ಆ ಸ್ವಾತಂತ್ರ್ಯವಿಲ್ಲ. ಮೂಲೆಯಲ್ಲಿ ಕುಳಿತ ಯಾರಾದರೂ "ಇನ್ನೊಬ್ಬ ಯಾರು? ಎಷ್ಟನೇ ಸುತ್ತಿನವರೆಗೆ ತಡೆದ?" ಎಂದು ಕೇಳಿಯೇ ಕೇಳುತ್ತಾರೆ, ಅವನು ಹಿಂದಕ್ಕೆ ಹೋಗಿ ಓದಿ ಹೇಳಲೇಬೇಕು. ಫ್ರೇಜಿಯರ್ ಹೆಸರು ಮಂಡ್ಯದಲ್ಲಿ ಉಳಿದದ್ದು ಇಂಥ ಪ್ರಶ್ನೆಗಳಿಂದ. ಈ ಅಭ್ಯಾಸವನ್ನು ಮರಳಿ ತರಲು ಯಾರ ಅಪ್ಪಣೆಯೂ ಬೇಡ. ಅಂಕಣ ಬಂದ ದಿನ ಮೊಮ್ಮಗನನ್ನು ಕೂರಿಸಿಕೊಂಡು ನೀವೇ ಗಟ್ಟಿಯಾಗಿ ಓದಿ. ಮಧ್ಯೆ ಪ್ರಶ್ನೆ ಕೇಳಲು ಬಿಡಿ. ನಿಮಗೆ ಗೊತ್ತಿರುವುದನ್ನು ಹೇಳಿ, ಉಳಿದದ್ದನ್ನು ಅವನಿಂದಲೇ ನಮಗೆ ಬರೆಸಿ.

ಎಲ್ಲ ಓದುಗರಲ್ಲೂ ಒಂದು ಕೋರಿಕೆ. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರದ ಮನೆಗಳಲ್ಲಿ ಪೈಲ್ವಾನರ, ಬಾಕ್ಸರ್‌ಗಳ ಹಳೆಯ ಚಿತ್ರಗಳೂ ಕುಸ್ತಿಯ ಭಿತ್ತಿಪತ್ರಗಳೂ ಇದ್ದರೆ ದಸರಾದೊಳಗೆ ನಮಗೆ ಕಳುಹಿಸಿ. ನಕಲು ತೆಗೆದುಕೊಂಡು ಮೂಲವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಿಂದಿರುಗಿಸುತ್ತೇವೆ. ಚಿತ್ರದಲ್ಲಿರುವವರ ಹೆಸರು, ಊರು, ವಸ್ತಾದರ ಹೆಸರಿನ ಜೊತೆಗೆ ಅವರು ಯಾರೊಡನೆ ಆಡಿದರು ಎಂಬುದನ್ನೂ ತಪ್ಪದೆ ತಿಳಿಸಿ. ಚಿತ್ರದ ಹಿಂದೆ ಪೆನ್ನಿನಲ್ಲಿ ಬರೆದರೆ ಶಾಯಿ ಮುಂಭಾಗಕ್ಕೆ ಒಸರುತ್ತದೆ, ಆದ್ದರಿಂದ ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ.

ವಂದನೆಗಳೊಂದಿಗೆ,
ಸಂಪಾದಕ