ಉನ್ನತ ಹುದ್ದೆಗೇರುವ ರಾಜಕಾರಣಿಗಳಿಗೆ ಪದವಿ ಕಡ್ಡಾಯವಾಗಬೇಕೇ?

ಕಾನೂನಿನ ಪ್ರಕಾರ ಪದವಿ ಬೇಕಿಲ್ಲ. ಅದನ್ನು ಕಡ್ಡಾಯಗೊಳಿಸಲೂ ಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಸದರಾಗಲು ಸಂವಿಧಾನದ 84ನೇ ವಿಧಿ, ಶಾಸಕರಾಗಲು 173ನೇ ವಿಧಿ ಕೇಳುವುದು ಮುಖ್ಯವಾಗಿ ಪೌರತ್ವ, ವಯಸ್ಸು ಮತ್ತು ಪ್ರಮಾಣವಚನವನ್ನೇ ಹೊರತು ಅಂಕಪಟ್ಟಿಯನ್ನಲ್ಲ. ಮುಖ್ಯಮಂತ್ರಿ, ಪ್ರಧಾನಿ ಹುದ್ದೆಗಳಿಗೂ ಪ್ರತ್ಯೇಕ ವಿದ್ಯಾರ್ಹತೆ ನಿಗದಿಯಾಗಿಲ್ಲ.

ನಮ್ಮ ಬೆಂಗಳೂರು ಪದವೀಧರರ ಕ್ಷೇತ್ರವನ್ನೇ ನೋಡಿ. ವಿಧಾನ ಪರಿಷತ್ತಿನ ಈ ಸ್ಥಾನಕ್ಕೆ ಮತ ಹಾಕುವವರು ಪದವಿ ಪಡೆದು ಕನಿಷ್ಠ 3 ವರ್ಷವಾಗಿರಬೇಕು, ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯೊಂದಿಗೆ ಅದಕ್ಕೆ ದಾಖಲೆಯನ್ನೂ ಲಗತ್ತಿಸಬೇಕು. ಆದರೆ ಇಂಥ ಕ್ಷೇತ್ರದಲ್ಲಿ ಸ್ಪರ್ಧಿಸುವ ಅಭ್ಯರ್ಥಿಯೂ ಪದವೀಧರನಾಗಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಸ್ಪಷ್ಟಪಡಿಸಿದೆ.

ಇದಕ್ಕೆ ಎದುರಾದ ವಾದವೂ ಹಳೆಯದೇ. ಶಾಸನಸಭೆಯ ಸದಸ್ಯರಿಗೆ ಒಂದಿಷ್ಟು ಅರ್ಹತೆ ಗೊತ್ತುಪಡಿಸಬೇಕಿತ್ತು ಎಂದು ಬಾಬು ರಾಜೇಂದ್ರ ಪ್ರಸಾದರು 1949ರ ನವೆಂಬರ್ 26ರಂದು ಸಂವಿಧಾನ ಸಭೆಯಲ್ಲೇ ಹೇಳಿದ್ದರು. ಪಂಚಾಯಿತಿ ಅಭ್ಯರ್ಥಿಗಳಿಗೆ ಶಾಲಾ ವಿದ್ಯಾಭ್ಯಾಸ ಕಡ್ಡಾಯಗೊಳಿಸಿದ ಹರಿಯಾಣದ ಕಾನೂನನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನನಗೆ ಒಪ್ಪಿಗೆಯಾಗದಿರುವುದು ಇದೇ: ಬಡತನದಿಂದಲೋ ಹೆಣ್ಣೆಂಬ ಕಾರಣಕ್ಕೋ ಶಾಲೆ ಬಿಡಬೇಕಾಗಿ ಬಂದವರಿಗೆ ದೊಡ್ಡವರಾದ ಮೇಲೂ ಬಾಗಿಲು ಮುಚ್ಚುವುದು ಅನ್ಯಾಯ. ಪಕ್ಕದ ತಮಿಳುನಾಡಿನಲ್ಲಿ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟದ ಯೋಜನೆಯನ್ನು ವಿಸ್ತರಿಸಿದ ಮುಖ್ಯಮಂತ್ರಿ ಕಾಮರಾಜರು ಸ್ವತಃ ಬಾಲ್ಯದಲ್ಲೇ ಓದು ನಿಲ್ಲಿಸಿದ್ದವರು.

ಅಭ್ಯರ್ಥಿ ಎಷ್ಟು ಓದಿದ್ದಾರೆ ಎಂಬುದು ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿರುತ್ತದೆ, ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ಓದಬಹುದು, ತೀರ್ಮಾನ ಮತದಾರರದ್ದಾಗಿರಲಿ.