ಸೆಪ್ಟೆಂಬರ್ 23ಕ್ಕೂ ಮೈಸೂರಿಗೂ ಏನು ನಂಟು?

ಪ್ರಶ್ನೆ: ಸರ್, ನಾನು ಮಂಡ್ಯ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ದಿನಾ ಒಬ್ಬರು ‘ಇತಿಹಾಸದಲ್ಲಿ ಈ ದಿನ’ ಓದುತ್ತಾರೆ. ಸೆಪ್ಟೆಂಬರ್ 23ರಂದು ಓದಿದ ಮೂರೂ ಘಟನೆಗಳಿಗೆ ಮೈಸೂರಿನ ನಂಟಿತ್ತು. 1803ರ ಅಸ್ಸಾಯೆ ಕದನ, 1918ರ ಹೈಫಾ ಕದನ, 1974ರಲ್ಲಿ ಜಯಚಾಮರಾಜ ಒಡೆಯರ್ ಅವರ ನಿಧನ. ‘ಮೇಡಂ, ಆ ದಿನದಲ್ಲೇ ಏನೋ ಇದೆ ಅಲ್ವಾ?’ ಎಂದು ಒಬ್ಬ ಹುಡುಗ ಕೇಳಿದ. ಏನು ಹೇಳಲಿ?

ಉತ್ತರ: ಮೇಡಂ, ಆ ದಿನದಲ್ಲಿ ಏನೂ ಇಲ್ಲ. ಆದರೆ ಆ ಹುಡುಗನನ್ನು ಅಷ್ಟಕ್ಕೇ ಕೂರಿಸಿಬಿಡಬೇಡಿ. ಮೂರರಲ್ಲಿ ಎರಡು ಘಟನೆಗಳ ನಡುವೆ ನಿಜವಾದ ನಂಟಿದೆ. ಅದು ತಾರೀಖಿನ ನಂಟಲ್ಲ, ಕುದುರೆ ದಂಡಿನ ನಂಟು.

ಅಸ್ಸಾಯೆ ಇರುವುದು ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯಲ್ಲಿ. ಅಲ್ಲಿ ಮರಾಠರ ಮೇಲೆ ಗೆದ್ದವನು ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ದಂಡು ನಡೆಸಿದ ಆರ್ಥರ್ ವೆಲ್ಲೆಸ್ಲಿ. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ಹೊತ್ತು, ದರಿಯಾ ದೌಲತ್‌ನಲ್ಲಿ ವಾಸ ಮಾಡಿದ್ದವನೂ ಇವನೇ. ಅವನ ಜೊತೆ ಅಸ್ಸಾಯೆಗೆ ಮೈಸೂರಿನ ಸವಾರರೂ ಹೋಗಿದ್ದರು. ಕಳಿಸಿದ್ದು ದಿವಾನ್ ಪೂರ್ಣಯ್ಯನವರ ಸರ್ಕಾರ. ಕದನದ ಹೊತ್ತಿನಲ್ಲಿ ಮರಾಠ ಕುದುರೆ ದಂಡು ಹಿಂದಿನಿಂದ ಬೀಳದಂತೆ ಕಾಯುವ ಕೆಲಸ ಇವರದಾಗಿತ್ತು.

ಮೈಸೂರಿನವರು ಕಂಪನಿಯ ಯುದ್ಧಕ್ಕೆ ಯಾಕೆ ಹೋದರು? 1799ರ ಒಪ್ಪಂದದಲ್ಲಿ ರಾಜ್ಯ ಒಡೆಯರಿಗೆ ವಾಪಸ್ ಬಂತು ನಿಜ. ಜೊತೆಗೆ ಕಂಪನಿಯ ಸೈನ್ಯದ ಖರ್ಚು ಹೊರುವ, ಯುದ್ಧ ಬಂದರೆ ನೆರವಾಗುವ ಹೊಣೆಯೂ ಬಂತು. 1807ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಮೈಸೂರು 4,000 ಸವಾರರನ್ನು ಸದಾ ಸಿದ್ಧವಾಗಿ ಇಟ್ಟಿರಬೇಕು ಎಂದಾಯಿತು.

ಮುಂದೆ ರಾಜರು ಬದಲಾದರು, ದಿವಾನರು ಬದಲಾದರು, ಐವತ್ತು ವರ್ಷ ಆಡಳಿತವೇ ಬ್ರಿಟಿಷರ ಕೈಗೆ ಹೋಗಿ ಬಂತು. ಆದರೂ ಬ್ರಿಟಿಷರ ಯುದ್ಧಕ್ಕೆ ಮೈಸೂರಿನ ಕುದುರೆ ಹೋಗುವ ರೂಢಿ ನಿಲ್ಲಲಿಲ್ಲ. ಮೊದಲ ಮಹಾಯುದ್ಧ ಬಂದಾಗ ಮೈಸೂರು ಲ್ಯಾನ್ಸರ್ಸ್ ಪಡೆ ಹಡಗು ಹತ್ತಿತು. 1918ರ ಸೆಪ್ಟೆಂಬರ್ 23ರಂದು ಅದು ಈಗಿನ ಇಸ್ರೇಲ್‌ನಲ್ಲಿರುವ ಹೈಫಾ ಊರಿನ ಹೊರಗಿತ್ತು. ಊರಿನ ಪಕ್ಕದಲ್ಲೇ ಕಾರ್ಮೆಲ್ ಬೆಟ್ಟ. ಬೆಟ್ಟದ ಮೇಲೆ ತುರ್ಕರ ಫಿರಂಗಿ, ಕೆಳಗೆ ಮೆಷಿನ್ ಗನ್. ಮೈಸೂರಿನ ಒಂದು ತುಕಡಿ ಕಡಿದಾದ ದಾರಿಯಲ್ಲಿ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಜೋಧಪುರದ ಸವಾರರು ಕೆಳಗಿನಿಂದ ಊರಿನೊಳಕ್ಕೆ ನುಗ್ಗಿದರು. ಅವರ ಕೈಯಲ್ಲಿದ್ದದ್ದು ಮುಖ್ಯವಾಗಿ ಈಟಿ ಮತ್ತು ಕತ್ತಿ. ಊರು ಅದೇ ದಿನ ಕೈಗೆ ಬಂತು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರು ಸವಾರನದು. ಇನ್ನೆರಡು ಹೈದರಾಬಾದ್ ಮತ್ತು ಜೋಧಪುರದವು. ನಮ್ಮ ಸೈನ್ಯ ಈಗಲೂ ಸೆಪ್ಟೆಂಬರ್ 23ನ್ನು ಹೈಫಾ ದಿನ ಎಂದು ಆಚರಿಸುತ್ತದೆ. ನಮ್ಮ ಜಿಲ್ಲೆಗಳ ಮಕ್ಕಳಿಗೆ ಈ ಕಥೆ ಇನ್ನೂ ಜಾಸ್ತಿ ಗೊತ್ತಿರಬೇಕಿತ್ತು ಎನ್ನುವುದು ನನ್ನ ಬಹುದಿನದ ಅನಿಸಿಕೆ.

ಮೈಸೂರಿನ ಸವಾರರು ಎರಡೂ ಕಡೆ ಇದ್ದದ್ದಕ್ಕೆ ಕಾರಣ ಇದೆ. ಎರಡೂ ಸೆಪ್ಟೆಂಬರ್ 23ಕ್ಕೇ ಬಿದ್ದದ್ದಕ್ಕೆ ಇಲ್ಲ. ಜಯಚಾಮರಾಜ ಒಡೆಯರ್ ಅದೇ ದಿನ ತೀರಿಕೊಂಡದ್ದಕ್ಕೂ ಇಲ್ಲ. ವರ್ಷದಲ್ಲಿ ಇರುವುದೇ 365 ದಿನ. ಇನ್ನೂರು ಮುನ್ನೂರು ವರ್ಷದ ಘಟನೆಗಳನ್ನೆಲ್ಲ ಅಷ್ಟರಲ್ಲೇ ಹಂಚಬೇಕು. ಯಾವ ದಿನ ಹುಡುಕಿದರೂ ನಮ್ಮೂರಿನದು ಎರಡು ಮೂರು ಸಿಕ್ಕೇ ಸಿಗುತ್ತವೆ.

ಇದನ್ನು ತರಗತಿಯಲ್ಲೇ ತೋರಿಸಬಹುದು. ಬರೀ 23 ಜನ ಸೇರಿದರೂ ಅವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. 40 ಮಕ್ಕಳಿದ್ದರೆ ಅದು ಸುಮಾರು ಶೇ. 89. ಆದರೆ ಹಾಜರಾತಿ ರಿಜಿಸ್ಟರ್ ನೋಡಿ ಲೆಕ್ಕ ಹಾಕಬೇಡಿ, ಮಕ್ಕಳನ್ನೇ ಕೇಳಿ. ಯಾಕೆ ಅಂದರೆ ನಮ್ಮ ಕಡೆ ಹಳೆಯ ದಾಖಲಾತಿ ಪುಸ್ತಕ ತೆಗೆದರೆ ಜೂನ್ 1ಕ್ಕೆ ಹುಟ್ಟಿದವರೇ ಪುಟದ ತುಂಬಾ ಇರುತ್ತಾರೆ. ಅಪ್ಪ ಅಮ್ಮನಿಗೆ ತಾರೀಖು ನೆನಪಿಲ್ಲ. ಮೇಷ್ಟ್ರು ವಯಸ್ಸು ಸರಿಹೊಂದುವ ಹಾಗೆ ಜೂನ್ 1 ಅಂತ ಬರೆದುಬಿಟ್ಟರು. ಅದು ಯಾರೋ ಆರಿಸಿದ ತಾರೀಖು.

ಯಾವ ಪಟ್ಟಿ ಓದಿದರೂ ಮಕ್ಕಳು ಮೊದಲು ಕೇಳಬೇಕಾದದ್ದು ಇದನ್ನೇ: ಈ ದಿನವನ್ನು ಯಾರಾದರೂ ಬೇಕು ಅಂತಲೇ ಆರಿಸಿದರಾ? ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ಕ್ಕೆ. ಪೂರ್ತಿ ಜಾರಿಗೆ ಬರಲು 1950ರ ಜನವರಿ 26ರವರೆಗೆ ಕಾದರು. 1930ರ ಜನವರಿ 26ರಂದು ದೇಶದ ತುಂಬ ಪೂರ್ಣ ಸ್ವರಾಜ್ ದಿನ ಆಚರಿಸಿದ್ದರಲ್ಲ, ಅದರ ನೆನಪಿಗೆ. ಆಗಸ್ಟ್ 15ನ್ನು ಆರಿಸಿದವನು ಮೌಂಟ್‌ಬ್ಯಾಟನ್. 1945ರಲ್ಲಿ ಜಪಾನ್ ಶರಣಾದ ದಿನ ಅದು. ನಮ್ಮ ರಾಜ್ಯ ಒಂದಾದದ್ದು 1956ರ ನವೆಂಬರ್ 1ಕ್ಕೆ. ‘ಕರ್ನಾಟಕ’ ಎಂದು ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಅದೂ ಆರಿಸಿಯೇ ಇಟ್ಟ ದಿನ. ಆ ಹೆಸರು ಬಂದಾಗ ಮುಖ್ಯಮಂತ್ರಿ ಆಗಿದ್ದವರು ಹುಣಸೂರಿನ ದೇವರಾಜ ಅರಸು. ಅವರ ಮತ್ತು ರಾಜೀವ್ ಗಾಂಧಿ ಅವರ ಜಯಂತಿ ಎರಡೂ ಆಗಸ್ಟ್ 20ಕ್ಕೇ ಬರುತ್ತವೆ. ಇದು ಮಾತ್ರ ಸುಮ್ನೆ ಕೂಡಿ ಬಂದದ್ದು.

ಪ್ರಶ್ನೆ: ನಮ್ಮದು ಶ್ರೀರಂಗಪಟ್ಟಣ. ಟಿಪ್ಪು ಸುಲ್ತಾನ್ ಸತ್ತದ್ದು 1799ರ ಮೇ 4 ಎಂದು ಓದಿದ್ದೇವೆ. ಆದರೆ ಗುಂಬಜ್‌ನಲ್ಲಿ ಉರುಸ್ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬರುತ್ತದೆ. ಯಾವುದು ಸರಿ? ಕೋಟೆ ಮೇ ತಿಂಗಳಲ್ಲೇ ಬಿದ್ದದ್ದಕ್ಕೆ ಕಾರಣ ಏನಾದರೂ ಇದೆಯಾ?

ಉತ್ತರ: ಎರಡೂ ಸರಿ. ಉರುಸ್ ನಡೆಯುವುದು ಹಿಜರಿ ಲೆಕ್ಕದಲ್ಲಿ. ಟಿಪ್ಪು ತೀರಿಕೊಂಡದ್ದು ಹಿಜರಿ 1213ರ ಜಿಲ್ಕಾದ್ ತಿಂಗಳ ಕೊನೆಗೆ. ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ಸುಮಾರು 354 ದಿನ. ಹಾಗಾಗಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಉರುಸ್ ಪ್ರತಿವರ್ಷ 11 ದಿನದಷ್ಟು ಹಿಂದಕ್ಕೆ ಸರಿಯುತ್ತದೆ. ನಮ್ಮ ದಸರೆಯೂ ತಿಥಿ ನೋಡಿ ಬರುವುದು ತಾನೆ? ಅದು ಒಂದು ವರ್ಷ ಸೆಪ್ಟೆಂಬರ್‌ಗೆ, ಇನ್ನೊಂದು ವರ್ಷ ಅಕ್ಟೋಬರ್‌ಗೆ ಬೀಳುತ್ತದೆ. ಅಧಿಕಮಾಸ ಇರುವುದರಿಂದ ಮಾತ್ರ ಅದು ಋತು ಬಿಟ್ಟು ದೂರ ಹೋಗುವುದಿಲ್ಲ.

ಟಿಪ್ಪು ತನ್ನದೇ ಒಂದು ಪಂಚಾಂಗವನ್ನೂ ಜಾರಿಗೆ ತಂದಿದ್ದ. ಮೌಲೂದಿ ಶಕೆ ಎಂದು ಅದರ ಹೆಸರು. ವರ್ಷಗಳಿಗೂ ತಿಂಗಳುಗಳಿಗೂ ಬೇರೆಯೇ ಹೆಸರು. ಕನ್ನಂಬಾಡಿ ಅಣೆಕಟ್ಟೆ ಕಟ್ಟುವಾಗ ಸಿಕ್ಕ ಅವನ ಪರ್ಷಿಯನ್ ಶಾಸನದಲ್ಲಿ ಇರುವುದು ಈ ಲೆಕ್ಕವೇ: ವರ್ಷ 1221, ತಖೀ ಎಂಬ ತಿಂಗಳ 29ನೇ ದಿನ. ಕೆಆರ್‌ಎಸ್‌ಗೆ ಹೋದಾಗ ಹುಡುಕಿ ನೋಡಿ.

ಇನ್ನು ಮೇ ತಿಂಗಳ ವಿಷಯ. ಇಲ್ಲಿ ಕಾರಣ ಖಂಡಿತ ಇದೆ, ಅದು ಕಾವೇರಿ. ಶ್ರೀರಂಗಪಟ್ಟಣ ದ್ವೀಪ. ಹೊರಗಿನ ಸೈನ್ಯ ಕೋಟೆ ಹತ್ತಬೇಕಾದರೆ ಮೊದಲು ಹೊಳೆ ದಾಟಬೇಕು. ಮುಂಗಾರು ಬಂದು ಕೊಡಗಿನ ನೀರು ಇಳಿದರೆ ದಾಟುವ ಮಾತೇ ಇಲ್ಲ. 1791ರಲ್ಲಿ ಬ್ರಿಟಿಷ್ ದಂಡು ತಂದ ಕಾರ್ನ್‌ವಾಲಿಸ್‌ಗೆ ಆದದ್ದು ಇದೇ. ಮೇ 15ಕ್ಕೆ ಅರಕೆರೆ ಹತ್ತಿರ ಗೆದ್ದ. ಅಷ್ಟರಲ್ಲಿ ಮಳೆ ಹಿಡಿಯಿತು, ಎತ್ತುಗಳು ಸತ್ತವು, ದವಸ ಮುಗಿಯಿತು. ಕನ್ನಂಬಾಡಿ ಹತ್ತಿರ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದೆ ಹೋದ. ಮರುಸಲ ಬಂದದ್ದು 1792ರ ಫೆಬ್ರವರಿಗೆ.

ಜನರಲ್ ಹ್ಯಾರಿಸ್‌ಗೆ ಇದು ಗೊತ್ತಿತ್ತು. 1799ರ ಏಪ್ರಿಲ್ ಮೊದಲ ವಾರದಲ್ಲಿ ಕೋಟೆ ಮುಂದೆ ಬಂದವನಿಗೆ ಮಳೆಗಾಲದ ಒಳಗೆ ಕೆಲಸ ಮುಗಿಯಲೇಬೇಕಿತ್ತು. ಅವನ ದಂಡಿನಲ್ಲೂ ಅಕ್ಕಿ ತಳ ಕಂಡಿತ್ತು. ವಾಯವ್ಯ ಮೂಲೆಯ ಗೋಡೆಗೆ ಫಿರಂಗಿ ಹೊಡೆದು ಬಿರುಕು ಮಾಡಿದರು. ಮೇ 4ರ ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಬೇರ್ಡ್‌ನ ದಂಡು ಬಂಡೆಗಳ ನಡುವೆ ಹೊಳೆಗೆ ಇಳಿಯಿತು. ಹೊತ್ತನ್ನೂ ಲೆಕ್ಕ ಹಾಕಿಯೇ ಇಟ್ಟಿದ್ದರು, ಸುಡುಬಿಸಿಲಿಗೆ ಕಾವಲಿನವರು ವಿಶ್ರಾಂತಿಯಲ್ಲಿರುವ ಹೊತ್ತು ಅದು. ಕೆಲವೇ ನಿಮಿಷದಲ್ಲಿ ಬಿರುಕಿನ ಮೇಲೆ ಅವರ ಬಾವುಟ ಏರಿತ್ತು. ರಾತ್ರಿ ಟಿಪ್ಪುವಿನ ದೇಹ ಸಿಕ್ಕಿತು. ಮರುದಿನ ಗುಂಬಜ್‌ನಲ್ಲಿ ತಂದೆ ತಾಯಿಯ ಪಕ್ಕ ಮಣ್ಣು ಮಾಡಿದರು. ಮೇ 4 ಅಲ್ಲದೆ 2 ಅಥವಾ 7 ಆಗಬಹುದಿತ್ತು. ಆದರೆ ಆಗಸ್ಟ್ ಮಾತ್ರ ಆಗುತ್ತಿರಲಿಲ್ಲ.

ಬಿರುಕು ಬಿದ್ದ ಜಾಗದಲ್ಲಿ ಈಗ ಒಂದು ಸ್ಮಾರಕ ಸ್ತಂಭ ಇದೆ. ಅಲ್ಲಿ ನಿಂತು ಹೊಳೆಯ ನೀರು ಅಳೆಯುವವರಿಗೆ ಒಂದು ಮಾತು: ಮೇಲೆ ಕೆಆರ್‌ಎಸ್ ಬಂದಿದೆ, ಇವತ್ತಿನ ಮಟ್ಟ ಗೇಟು ಬಿಟ್ಟಷ್ಟು.

ಪ್ರಶ್ನೆ: ಇಂಗ್ಲೆಂಡಿನ ಷೇಕ್ಸ್‌ಪಿಯರ್, ಸ್ಪೇನಿನ ಸಾಹಿತಿ ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದೇ ಸತ್ತರು ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ? — ಮೈಸೂರಿನ ಕಾಲೇಜು ವಿದ್ಯಾರ್ಥಿ

ಉತ್ತರ: ತಾರೀಖು ಒಂದೇ, ದಿನ ಒಂದೇ ಅಲ್ಲ. ಸ್ಪೇನ್ 1582ರಲ್ಲೇ ಹೊಸ ಗ್ರೆಗೋರಿಯನ್ ಕ್ಯಾಲೆಂಡರ್‌ಗೆ ಬದಲಾಗಿತ್ತು. ಇಂಗ್ಲೆಂಡ್ ಬದಲಾದದ್ದು 1752ಕ್ಕೆ, ಆ ವರ್ಷ ಅಲ್ಲಿ ಸೆಪ್ಟೆಂಬರ್ 2ರ ಮರುದಿನವೇ 14 ಬಂತು. 1616ರಲ್ಲಿ ಎರಡಕ್ಕೂ ಹತ್ತು ದಿನದ ಅಂತರ ಇತ್ತು. ಷೇಕ್ಸ್‌ಪಿಯರ್ ಸತ್ತ ದಿನ ಸ್ಪೇನಿನಲ್ಲಿ ಮೇ 3. ಸರ್ವಾಂಟಿಸ್ ಸತ್ತದ್ದು ಏಪ್ರಿಲ್ 22ಕ್ಕೆ ಎಂದೂ, 23 ಎನ್ನುವುದು ಮಣ್ಣು ಮಾಡಿದ ದಿನ ಎಂದೂ ಈಗ ಹೆಚ್ಚಿನವರು ಒಪ್ಪುತ್ತಾರೆ. ಏಪ್ರಿಲ್ 23ನ್ನು ವಿಶ್ವ ಪುಸ್ತಕ ದಿನ ಎಂದು ಯುನೆಸ್ಕೊ ಆರಿಸಿದ್ದು ಇವರ ನೆನಪಿಗೇ. 1752ಕ್ಕಿಂತ ಹಿಂದಿನ ಇಂಗ್ಲಿಷ್ ದಾಖಲೆಯ ತಾರೀಖು ಬಂದರೆ ಯಾವ ಕ್ಯಾಲೆಂಡರ್‌ನದು ಎಂದು ನೋಡಿಕೊಂಡೇ ಫಾರ್ವರ್ಡ್ ಮಾಡಿ.